ತಲೆ ಸಿಗದ ಡೈನೊಸಾರ್

ಬೇಸಿಗೆ ರಜೆ ಬಂತೆಂದರೆ ನಮ್ಮ ಊರುಗಳ ಮೈದಾನದಲ್ಲಿ ಡೈನೊಸಾರ್‌ಗಳು ಮೊಟ್ಟೆಯೊಡೆದು ಏಳುತ್ತವೆ. ತಗಡಿನ ಬೇಲಿ, ಒಳಗೆ ಕೃತಕ ಹೊಗೆ, ಕೆಂಪು ದೀಪ, ಸ್ಪೀಕರಿನ ಗರ್ಜನೆ. ಹೊರಗೆ ಬರುವ ದಾರಿಯಲ್ಲಿ ಪಾಪ್‌ಕಾರ್ನ್, ಬಲೂನು, ಪ್ಲಾಸ್ಟಿಕ್ ಟಿ. ರೆಕ್ಸ್ ಮಾರುವ ಅಂಗಡಿ. ಉಕ್ಕಿನ ಚೌಕಟ್ಟಿಗೆ ಸ್ಪಂಜು ಸುತ್ತಿ, ರಬ್ಬರಿನ ಚರ್ಮ ಹೊದಿಸಿ, ಮೋಟಾರಿನಿಂದ ಕತ್ತು, ಬಾಲ, ರೆಪ್ಪೆ ಆಡಿಸುವ ಬೊಂಬೆಗಳಿವು. ಮೂರು ವರ್ಷದ ಕೂಸನ್ನು ಹೆಗಲ ಮೇಲೆ ಕೂರಿಸಿಕೊಂಡು ಟಿಕೆಟ್ಟಿನ ಸಾಲಿನಲ್ಲಿ ನಿಲ್ಲುವ ಅಪ್ಪಂದಿರನ್ನು ನಾನು ಆಡಿಕೊಳ್ಳುವವನಲ್ಲ. ಮೊಮ್ಮಕ್ಕಳ ಕೈ ಹಿಡಿದು ನಾನೂ ಅಲ್ಲಿ ನಿಂತವನೇ. ಬೊಂಬೆಯೆಂಬ ಕಾರಣಕ್ಕೂ ನನ್ನ ತಕರಾರಿಲ್ಲ. ಕಣ್ಣಾರೆ ಕಂಡುಬಂದವರ ಹಾಗೆ ಅವು ಎಲ್ಲವನ್ನೂ ಹೇಳಿಬಿಡುತ್ತವಲ್ಲ, ತಕರಾರಿರುವುದು ಅಲ್ಲಿ.

ಗರ್ಜನೆಯನ್ನೇ ನೋಡಿ. ಗಂಟಲಿನ ಮೆತ್ತನೆಯ ಭಾಗಗಳು ಕಲ್ಲಾಗಿ ಉಳಿಯುವುದು ತೀರಾ ಅಪರೂಪ. ಹಾಗಾಗಿ ಬದುಕಿರುವ ಹತ್ತಿರದ ನೆಂಟರಾದ ಹಕ್ಕಿ, ಮೊಸಳೆಗಳನ್ನು ನೋಡಿ, ಕೆಲವು ಡೈನೊಸಾರ್‌ಗಳಾದರೂ ಬಾಯಿ ಮುಚ್ಚಿಕೊಂಡೇ ಎದೆಯಾಳದಿಂದ ಹೂಂಕರಿಸುತ್ತಿದ್ದಿರಬಹುದು ಎಂದು ವಿಜ್ಞಾನಿಗಳು ಊಹಿಸುತ್ತಾರೆ, ಅಷ್ಟೆ. ನಮ್ಮ ಕಿವಿಯಲ್ಲಿ ಕೂತಿರುವುದು 1993ರ ‘ಜುರಾಸಿಕ್ ಪಾರ್ಕ್’ ಸಿನಿಮಾದ ಸದ್ದು. ಆನೆಮರಿ, ಹುಲಿ, ಅಲಿಗೇಟರ್‌ಗಳ ಕೂಗನ್ನು ಬೆರೆಸಿ ಮಾಡಿದ ಸದ್ದು ಅದು. ಮೈದಾನದ ಪ್ರದರ್ಶನಗಳಲ್ಲಿ ಅದೇ ಬಗೆಯ ಗರ್ಜನೆ ಸೊಪ್ಪುಸದೆ ತಿಂದು ಬದುಕಿದ ಸ್ಟೆಗೊಸಾರಸ್‌ನ ಬಾಯಿಂದಲೂ ಬರುತ್ತದೆ. ಅದರ ಪಕ್ಕದಲ್ಲೇ ಟಿ. ರೆಕ್ಸ್ ಹಲ್ಲು ಕಿಸಿಯುತ್ತಿರುತ್ತದೆ. ಸ್ಟೆಗೊಸಾರಸ್ ಇದ್ದದ್ದು ಸುಮಾರು 15 ಕೋಟಿ ವರ್ಷದ ಹಿಂದೆ, ಟಿ. ರೆಕ್ಸ್ ಅಳಿದದ್ದು ಸುಮಾರು 6.6 ಕೋಟಿ ವರ್ಷದ ಹಿಂದೆ. ಕಾಲದ ಲೆಕ್ಕದಲ್ಲಿ ಟಿ. ರೆಕ್ಸ್‌ಗೆ ಸ್ಟೆಗೊಸಾರಸ್‌ಗಿಂತ ನಾವೇ ಹತ್ತಿರದವರು. ಇನ್ನು ವೆಲೊಸಿರಾಪ್ಟರ್. ಟರ್ಕಿ ಕೋಳಿಯಷ್ಟಿದ್ದ ಅದರ ಮುಂಗೈ ಮೂಳೆಯ ಮೇಲೆ ಗರಿ ನೆಟ್ಟಿದ್ದ ಗುಬುಟುಗಳು ಇದ್ದುದು 2007ರಲ್ಲೇ ಗೊತ್ತಾಯಿತು. ನಮ್ಮ ಮೈದಾನಕ್ಕೆ ಮಾತ್ರ ಅದು ಇನ್ನೂ ಆಳೆತ್ತರದ ಬೋಳು ಮೈಯಲ್ಲೇ ಬರುತ್ತಿದೆ.

ಚಿಕ್ಕ ಮಕ್ಕಳಿಗೆ ಇಷ್ಟೆಲ್ಲ ಯಾಕೆ ಸ್ವಾಮಿ, ಖುಷಿಯಾಗಿ ನೋಡಿಕೊಂಡು ಬರಲಿ ಬಿಡಿ ಎನ್ನುವವರಿದ್ದಾರೆ. ಅವರು ಮಕ್ಕಳ ಜೊತೆ ನಿಂತು ನೋಡಿರಲಾರರು. ಮಕ್ಕಳು ಮೊದಲು ಕೇಳುವುದೇ ‘ಇದು ನಿಜಾನಾ?’ ಎಂದು. ಜೀವ ಇದೆಯಾ, ಇಂಥದ್ದು ಒಂದು ಕಾಲಕ್ಕೆ ಇತ್ತಾ, ಇದೇ ಬಣ್ಣ ಇತ್ತಾ ಎಂಬ ಮೂರು ಪ್ರಶ್ನೆಗಳು ಅದರೊಳಗಿವೆ. ನಾವು ‘ಸುಮ್ನೆ ಬೊಂಬೆ ಕಣೋ, ಹೆದರ್ಬೇಡ’ ಎನ್ನುತ್ತೇವೆ. ಹೆದರಿಕೆಗೆ ಸಮಾಧಾನ ಸಿಕ್ಕಿತು, ಪ್ರಶ್ನೆ ಅಲ್ಲೇ ಬಿತ್ತು. ಹೆದರಿಕೆಯಾದರೂ ಸಣ್ಣದಲ್ಲ: ಕತ್ತಲು, ಹೊಗೆ, ಕಿವಿಗಡಚಿಕ್ಕುವ ಸದ್ದಿನ ನಡುವೆ ಅಪ್ಪನ ಕತ್ತು ಬಿಗಿದು ಹಿಡಿದ ಮಗು ಏನು ನೋಡೀತು?

‘ಇದು ನಿಜಾನಾ?’ ಎಂಬ ಪ್ರಶ್ನೆಗೆ ಜಾಗ ಇರುವ ಕಡೆಯೊಂದು ಹೈದರಾಬಾದಿನ ಬಿರ್ಲಾ ವಿಜ್ಞಾನ ಕೇಂದ್ರ. ಅಲ್ಲಿ ನಿಂತಿರುವುದು ಕೋಟಾಸಾರಸ್‌ನ ಅಸ್ಥಿಪಂಜರ. ಹಳೆಯ ಆದಿಲಾಬಾದ್ ಜಿಲ್ಲೆಯ ಯಮನಪಲ್ಲಿ ಎಂಬ ಹಳ್ಳಿಯ ಬಳಿ, ಪ್ರಾಣಹಿತಾ-ಗೋದಾವರಿ ಕಣಿವೆಯಲ್ಲಿ ಸಿಕ್ಕಿದ ಜುರಾಸಿಕ್ ಕಾಲದ ಪ್ರಾಣಿ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಪಿ. ಯಾದಗಿರಿ 1988ರಲ್ಲಿ ಹೆಸರಿಟ್ಟದ್ದು. ಅಲ್ಲಿ ಸಿಕ್ಕ ಮೂಳೆಯ ಭಾಗಗಳು 840, ಕಡಿಮೆಯೆಂದರೆ 12 ಪ್ರಾಣಿಗಳವು. ತಲೆಬುರುಡೆ ಮಾತ್ರ ಸಿಗಲಿಲ್ಲ, ಎರಡು ಹಲ್ಲು ಬಿಟ್ಟರೆ. ನೋಡುವವರ ಎದುರಿಗಿರುವ ತಲೆ, ನೆಂಟ ಪ್ರಾಣಿಗಳ ಲೆಕ್ಕಾಚಾರದ ಮೇಲೆ ಮನುಷ್ಯರು ಕೂರಿಸಿದ ತಲೆ. ಇದನ್ನು ಹೇಳಿದಾಗ ನನ್ನ ಮೊಮ್ಮಗ ಸ್ವಲ್ಪ ಹೊತ್ತು ಮೇಲೆ ನೋಡಿ, ‘ಮತ್ತೆ ಇದು ಯಾರ್ದು ತಾತ?’ ಎಂದ. ಯಾರದ್ದೂ ಅಲ್ಲ ಕಣೋ, ಹೀಗಿರಬಹುದು ಅಂತ ಮಾಡಿದ್ದು ಎಂದೆ. ‘ತಪ್ಪಾಗಿದ್ರೆ?’ ಎಂದ. ಗರ್ಜಿಸುವ ಹತ್ತು ಬೊಂಬೆಗಳು ಹುಟ್ಟಿಸಲಾರದ ಪ್ರಶ್ನೆಯನ್ನು ಕದಲದೆ ನಿಂತ ಮೂಳೆಗಳು ಹುಟ್ಟಿಸಿದ್ದವು.

ಕೋಲ್ಕತ್ತದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಭೂವಿಜ್ಞಾನ ಸಂಗ್ರಹಾಲಯದಲ್ಲಿರುವ ಬಾರಾಪಾಸಾರಸ್ ಟಾಗೊರಿಯ ಕಥೆಯೂ ಇಂಥದ್ದೇ. ಟ್ಯಾಗೋರರ ಜನ್ಮಶತಮಾನೋತ್ಸವದ ವರ್ಷವಾದ 1961ರಲ್ಲಿ ಅದೇ ಗೋದಾವರಿ ಸೀಮೆಯಲ್ಲಿ ಅಗೆದದ್ದು, ಅದಕ್ಕೇ ಆ ಹೆಸರು. ಅದರದ್ದೂ ತಲೆಬುರುಡೆ ಸಿಕ್ಕಿಲ್ಲ. ತೊಡೆಮೂಳೆಯೊಂದೇ 1.7 ಮೀಟರ್ ಉದ್ದ. ಒಂದನೇ ಕ್ಲಾಸಿನ ಮಗುವನ್ನು ಅದರ ಪಕ್ಕದಲ್ಲಿ ನಿಲ್ಲಿಸಿದರೆ ಸಾಕು, ಪ್ರಾಣಿಯ ಗಾತ್ರವನ್ನು ಬಾಯಲ್ಲಿ ಹೇಳುವ ಕೆಲಸವೇ ಇಲ್ಲ.

ಬೊಂಬೆಯಿಂದ ಕಲಿಯುವುದೇ ಇಲ್ಲವೆಂದಲ್ಲ. ಬೆಂಗಳೂರಿನ ಕಸ್ತೂರ್ಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಮ್ಮಿನಲ್ಲಿ ಅಲುಗಾಡುವ ಸ್ಪೈನೊಸಾರಸ್ ಮಕ್ಕಳಿಗೆಲ್ಲ ಚಿರಪರಿಚಿತ. ಈ ಪ್ರಾಣಿಯ ಚರಿತ್ರೆ ಬೊಂಬೆಗಿಂತ ಸ್ವಾರಸ್ಯವಾಗಿದೆ. ಈಜಿಪ್ಟಿನಲ್ಲಿ ಸಿಕ್ಕ ಮೂಳೆಗಳಿಂದ ಜರ್ಮನಿಯ ಅರ್ನ್‌ಸ್ಟ್ ಸ್ಟ್ರೋಮರ್ 1915ರಲ್ಲಿ ಇದನ್ನು ವರ್ಣಿಸಿದರು. 1944ರಲ್ಲಿ ಮ್ಯೂನಿಕ್ ಮೇಲೆ ಬಿದ್ದ ಬಾಂಬಿಗೆ ಆ ಮೂಳೆಗಳು ನಾಶವಾದವು. ಮೊರಾಕೊದ ಹೊಸ ಮೂಳೆಗಳಿಂದ 2014ರಲ್ಲಿ ಅದರ ಆಕಾರದ ಕಲ್ಪನೆ ಬದಲಾಯಿತು; 2020ರಲ್ಲಿ ಹುಟ್ಟಿನಂಥ ಅಗಲ ಬಾಲದ ಸಂಗತಿ ಹೊರಬಂದು ಮತ್ತೆ ಬದಲಾಯಿತು. ಬಾಂಬು, ಕಳೆದುಹೋದ ಮೂಳೆ, ಹೊಸ ಬಾಲ — ಐದು ವರ್ಷದ ಮಗು ಕಣ್ಣರಳಿಸಿ ಕೇಳುವ ಕಥೆ ಇದಲ್ಲದೆ ಇನ್ನಾವುದು? ಬೊಂಬೆಯ ಎದುರು ನಿಂತು ಇದನ್ನು ಹೇಳುವ ದೊಡ್ಡವರೊಬ್ಬರು ಜೊತೆಗಿದ್ದರೆ ಆ ಭೇಟಿ ಸಾರ್ಥಕ. ಇಲ್ಲದಿದ್ದರೆ ಒಂದು ಸೆಲ್ಫಿ.

ತಪ್ಪು ಬೊಂಬೆಯೂ ಕೆಟ್ಟದ್ದಲ್ಲ, ತಪ್ಪೆಂದು ಹೇಳುವ ಧೈರ್ಯವಿದ್ದರೆ. ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್ ಉದ್ಯಾನದಲ್ಲಿ 1854ರಿಂದ ಇರುವ ಇಗ್ವಾನೊಡಾನ್‌ಗಳ ಮೂಗಿನ ಮೇಲೊಂದು ಕೊಂಬಿದೆ. ಅದು ಹೆಬ್ಬೆರಳಿನ ಮೊಳೆ ಎಂಬುದು ಆಮೇಲೆ ತಿಳಿಯಿತು. ಕೊಂಬನ್ನು ಯಾರೂ ಕಿತ್ತುಹಾಕಲಿಲ್ಲ; ಆ ಬೊಂಬೆಗಳನ್ನು ಸ್ಮಾರಕವೆಂದು ಕಾಪಾಡುತ್ತಿದ್ದಾರೆ. ಅವುಗಳ ಎದುರು ನಿಂತ ಮಗುವಿಗೆ ವಿಜ್ಞಾನಿಗಳೂ ತಿದ್ದಿಕೊಳ್ಳುತ್ತಾರೆ ಎಂಬುದು ಸುಲಭವಾಗಿ ತಿಳಿಯುತ್ತದೆ.

ನಮ್ಮ ಪ್ರದರ್ಶನಗಳು ಬಿಟ್ಟೇಬಿಡುವ ಇನ್ನೊಂದು ಸಂಗತಿ, ನಿಂತ ನೆಲದ ಕಥೆ. ಬೆಂಗಳೂರಿನ ಮಗು ‘ನಮ್ಮನೆ ಹತ್ರ ಅಗೆದ್ರೆ ಸಿಗುತ್ತಾ?’ ಎಂದೇ ಕೇಳುತ್ತದೆ. ಸಿಗುವುದಿಲ್ಲ. ಲಾಲ್‌ಬಾಗಿನ ಬಂಡೆ ಸುಮಾರು 300 ಕೋಟಿ ವರ್ಷದ್ದು. ಅದಾಗಿ ಎಷ್ಟೋ ಕಾಲದ ಮೇಲೆ, 23 ಕೋಟಿ ವರ್ಷಗಳ ಆಸುಪಾಸಿನಲ್ಲಿ ಮೊದಲ ಡೈನೊಸಾರ್‌ಗಳು ಬಂದವು. ಆದರೆ ವಿಜಯಪುರ, ಬೀದರ್ ಸೀಮೆಯ ಕಪ್ಪು ಕಲ್ಲು ಡೈನೊಸಾರ್‌ಗಳು ಅಳಿದ ಕಾಲದ ಆಸುಪಾಸಿನಲ್ಲೇ ಹರಿದ ಲಾವಾ. ಗೋಲಗುಮ್ಮಟದ ಗೋಡೆಗೆ ಕೈ ಇಟ್ಟ ಮಗು ಆ ಕಾಲದ ಕಲ್ಲನ್ನೇ ಮುಟ್ಟಿರುತ್ತದೆ. ಇದಕ್ಕೆ ಮೋಟಾರೂ ಬೇಡ, ಹೊಗೆಯೂ ಬೇಡ.

ಮಗುವಿಗೆ ಇನ್ನೂ ಐದು ತುಂಬಿಲ್ಲವಾದರೆ ಮೈದಾನದ ಗರ್ಜನೆಗೆ ದುಡ್ಡು ಸುರಿಯಬೇಡಿ; ಆ ದುಡ್ಡನ್ನು ಹೈದರಾಬಾದಿನ ರೈಲಿಗೆ ಎತ್ತಿಡಿ. ಹೋಗಲೇಬೇಕೆಂದಿದ್ದರೆ ಬೆಳಿಗ್ಗೆ, ಜನ ಕಡಿಮೆ ಇರುವಾಗ ಹೋಗಿ, ಒಂದೆರಡು ಪ್ರಾಣಿಗಳ ಮುಂದಷ್ಟೇ ನಿಧಾನವಾಗಿ ನಿಲ್ಲಿ. ಪ್ರದರ್ಶನ ನಡೆಸುವವರಲ್ಲಿ ಒಂದು ಬೇಡಿಕೆ: ಪ್ರತಿ ಬೊಂಬೆಯ ಪಕ್ಕದಲ್ಲಿ ಅದರ ಅಸ್ಥಿಪಂಜರದ ಚಿತ್ರ ಹಾಕಿ, ಸಿಕ್ಕ ಮೂಳೆಗೆ ಒಂದು ಬಣ್ಣ, ಊಹಿಸಿದ್ದಕ್ಕೆ ಇನ್ನೊಂದು ಬಣ್ಣ ಕೊಡಿ. ಕೆಳಗೆ ಎರಡು ಸಾಲು ಕನ್ನಡದಲ್ಲಿ ಬರೆಯಿರಿ, ಮಗುವಿನ ಕಣ್ಣಿನ ಎತ್ತರಕ್ಕೆ.