ದರಗು ಗುಡಿಸುವವರ ಜ್ವರ

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಕಾಡಂಚಿನ ಹಳ್ಳಿಗಳ ಜನ ಜ್ವರ, ಮೈಕೈ ನೋವಿನಿಂದ ಹಾಸಿಗೆ ಹಿಡಿದರು. ಕೆಲವರಿಗೆ ಮೂಗು, ವಸಡಿನಿಂದ ರಕ್ತ ಸುರಿಯಿತು. ಹಳದಿ ಜ್ವರ ಭಾರತಕ್ಕೂ ಕಾಲಿಟ್ಟಿತೇ ಎಂಬ ಆತಂಕದಲ್ಲಿ ಪುಣೆಯ ವೈರಸ್ ಸಂಶೋಧನಾ ಕೇಂದ್ರದ ತಂಡ ಧಾವಿಸಿ ಬಂತು. ಅದು ಹಳದಿ ಜ್ವರವಲ್ಲ, ಮುಂದೆ ಮಂಗನ ಕಾಯಿಲೆ ಎಂದು ಹೆಸರಾದ ಬೇರೆಯೇ ರೋಗ ಎಂದು ತಿಳಿಯಿತು. ಅಲ್ಲಿಂದ ಮುಂದೆ ನಡೆದದ್ದು ನಮ್ಮ ದೇಶದ ಎಪಿಡೆಮಿಯಾಲಜಿ, ಅಂದರೆ ರೋಗ ಹರಡುವ ಬಗೆಯನ್ನು ಅರಿಯುವ ವಿದ್ಯೆ, ಹೆಮ್ಮೆಪಡಬೇಕಾದ ಕೆಲಸ. ಆದರೆ ಆ ವಿದ್ಯೆಯ ಒಂದು ಶಾಖೆ ಮಾತ್ರ ಮಲೆನಾಡಿನಲ್ಲಿ ಇವತ್ತಿಗೂ ಸೊರಗಿಯೇ ಇದೆ ಎಂಬುದು ನನ್ನ ತಕರಾರು.

ಯಾರಿಗೆ, ಎಲ್ಲಿ, ಯಾವಾಗ ಎಂಬ ಮೊದಲ ಪ್ರಶ್ನೆಗಳಿಗೆ ಉತ್ತರ ಬೇಗ ಸಿಕ್ಕಿತು: ಕಾಡಿಗೆ ಹೋಗಿಬರುವವರಿಗೆ, ಡಿಸೆಂಬರಿನಿಂದ ಮೇ ತನಕ. ಇನ್ನೂ ದೊಡ್ಡ ಸಾಧನೆ ಪರಿಸರದ ಕಡೆಯದು. ಸೋಂಕಿದ ಮಂಗ ಸತ್ತಾಗ ಅದರ ಮೈಮೇಲಿದ್ದ, ವೈರಸ್ ಹರಡುವ ಉಣುಗುಗಳು ಅಲ್ಲೇ ನೆಲಕ್ಕಿಳಿಯುತ್ತವೆ. ಅವುಗಳ ಮರಿಹಂತವೇ ಮನುಷ್ಯರಿಗೆ ಹೆಚ್ಚು ಕಚ್ಚುವುದು. ಎಳ್ಳಿನಷ್ಟೂ ಇಲ್ಲದ ಅದು ಕಂಕುಳಲ್ಲೋ ಮೊಣಕಾಲ ಸಂದಿಯಲ್ಲೋ ಕೂತರೆ ಗೊತ್ತೇ ಆಗುವುದಿಲ್ಲ. ದನಗಳು ವೈರಸ್ಸನ್ನು ಅಷ್ಟಾಗಿ ಹರಡುವುದಿಲ್ಲ, ಆದರೆ ಬೆಳೆದ ಉಣುಗಿಗೆ ರಕ್ತ ಒದಗಿಸಿ ಅದರ ಸಂತತಿಯನ್ನು ಹೆಚ್ಚಿಸುತ್ತವೆ. ಕಾಡು ಕಡಿದು ಸಾಗುವಳಿ ಮಾಡಿದ್ದು, ದನಗಳನ್ನು ಕಾಡಿಗೆ ಬಿಟ್ಟದ್ದು ಈ ರೋಗದ ಹಿಂದಿದೆ ಎಂದು ಸಂಶೋಧಕ ಹೋರ್ಹೆ ಬೊಷೆಲ್ 1969ರಲ್ಲೇ ವಾದಿಸಿದ್ದರು. ವೈರಸ್ಸಿನ ಜೊತೆಗೆ ಭೂಮಿಯ ಬಳಕೆಯನ್ನೂ ರೋಗಕಾರಣವಾಗಿ ಕಂಡ ಆ ದೃಷ್ಟಿ ಕಾಲಕ್ಕಿಂತ ಮುಂದಿತ್ತು. 1982–83ರಲ್ಲಿ ಬೆಳ್ತಂಗಡಿ ತಾಲ್ಲೂಕಿನಲ್ಲಿ ಗೇರು ತೋಟಕ್ಕಾಗಿ ಕಾಡು ಕಡಿದಾಗ ರೋಗ ಅಲ್ಲಿಯೂ ಸಿಡಿಯಿತು.

ಇಷ್ಟು ತಿಳಿದ ಮೇಲೆ ನಾವು ಮಾಡಿದ್ದೇನು? ಸತ್ತ ಮಂಗದ ಸುತ್ತ ಮೆಲಾಥಿಯಾನ್ ಕೀಟನಾಶಕದ ಪುಡಿ ಎರಚಿದೆವು, ಉಣುಗು ಕಚ್ಚದಂತೆ ಮೈಗೆ ಹಚ್ಚಲು ಎಣ್ಣೆ ಹಂಚಿದೆವು, ಲಸಿಕೆ ಹಾಕಿದೆವು, ಕಾಡಿಗೆ ಹೋಗಬೇಡಿ ಎಂದೆವು. ಲಸಿಕೆಯ ಪರಿಣಾಮವನ್ನು ಅಳೆದವರು ಪ್ರಾಮಾಣಿಕವಾಗಿ ಅಳೆದರು. 2005ರಿಂದ 2010ರ ಅವಧಿಯ ಅಧ್ಯಯನವೊಂದರಲ್ಲಿ ಎರಡು ಡೋಸಿಗೆ ಸುಮಾರು 62%, ಬೂಸ್ಟರ್ ಸೇರಿದರೆ ಸುಮಾರು 83% ರಕ್ಷಣೆ ಕಂಡಿತು. ಆದರೆ ತಿಂಗಳ ಅಂತರದಲ್ಲಿ ಎರಡು ಚುಚ್ಚು, ಆರರಿಂದ ಒಂಬತ್ತು ತಿಂಗಳಿಗೆ ಬೂಸ್ಟರ್, ಮತ್ತೆ ವರ್ಷವರ್ಷವೂ ಒಂದೊಂದು. ಅದೂ ತುಂಬಾ ನೋಯುವ ಚುಚ್ಚುಮದ್ದು. ಮರುದಿನ ತೋಳು ಎತ್ತಲಾಗದವಳ ಆ ದಿನದ ಕೂಲಿ ಯಾರು ಕೊಡಬೇಕು? ಈ ಪ್ರಶ್ನೆ ಲಸಿಕೆಯ ಲೆಕ್ಕದೊಳಗೆ ಬರಲೇಬೇಕಿತ್ತು.

ದರಗಿನ, ಅಂದರೆ ಕಾಡಿನ ಒಣ ತರಗೆಲೆ ಗುಡಿಸಿ ತರುವ ಕೆಲಸವನ್ನೇ ನೋಡಿ. ಚಳಿಗಾಲ ಕಳೆಯುತ್ತ ಎಲೆ ಉದುರಿ ಒಣಗಿದಾಗ ಹೆಂಗಸರು ಬೆಟ್ಟಕ್ಕೆ ಹೋಗುತ್ತಾರೆ. ಬಗ್ಗಿ ಗುಡಿಸುತ್ತಾರೆ, ಕಾಲಿನಿಂದ ಒತ್ತಿ ಹೊರೆ ಕಟ್ಟುತ್ತಾರೆ, ತಲೆಯ ಮೇಲೆ ಹೊರುತ್ತಾರೆ. ಪುಡಿಯಾದ ಎಲೆಯೊಂದಿಗೆ ಉಣುಗು ಕುತ್ತಿಗೆಯಿಂದ ರವಿಕೆಯೊಳಗೆ ಇಳಿಯುತ್ತದೆ. ಹೊರೆ ಹೋಗುವುದು ಕೊಟ್ಟಿಗೆಗೆ, ಅಲ್ಲಿಂದ ಗೊಬ್ಬರವಾಗಿ ಅಡಿಕೆ ತೋಟಕ್ಕೆ. ಮರಿ ಉಣುಗಿನ ಕಾಲವೂ ದರಗಿನ ಕಾಲವೂ ಒಂದೇ. ಹಾಗಿರುವಾಗ ಕಾಡಿಗೆ ಹೋಗಬೇಡಿ ಎಂಬುದನ್ನು ನಾನು ಆರೋಗ್ಯ ಸಲಹೆ ಎಂದು ಒಪ್ಪಲಾರೆ. ಅದು ಸಂಪಾದನೆ ಬಿಡಿ ಎಂದಂತೆ. ಹಚ್ಚಿದ ಎಣ್ಣೆಯೂ ಬೆವರಿಗೆ ಇಳಿದುಹೋಗುತ್ತದೆ. ಮನೆಗೆ ಬಂದೊಡನೆ ಬಿಸಿನೀರಿನ ಸ್ನಾನ ಮಾಡಬೇಕಾದರೆ ಅದಕ್ಕೂ ಸೌದೆ ಬೇಕು, ಸೌದೆಗೂ ಅದೇ ಕಾಡು.

ದುಡಿಮೆಗೂ ರೋಗಕ್ಕೂ ಇರುವ ಈ ನಂಟನ್ನು ವಿವರಿಸಬೇಕಾದದ್ದು ನಾನು ಹೇಳಿದ ಆ ಸೊರಗಿದ ಶಾಖೆ, ಸಾಮಾಜಿಕ ಎಪಿಡೆಮಿಯಾಲಜಿ; ಅದಕ್ಕೆ ನಮ್ಮಲ್ಲಿ ಕೊನೆಯ ಪಂಕ್ತಿ. ರೋಗಿಯ ಪಟ್ಟಿಯಲ್ಲಿ ವೃತ್ತಿ ‘ಕೂಲಿ’ ಎಂದು ಬರೆದು ಮುಗಿಸಿದರೆ ದರಗು ಯಾರ ತೋಟಕ್ಕೆ, ಜಮೀನು ಯಾರದು, ಆಸ್ಪತ್ರೆಗೆ ಹೋಗಲು ಬಸ್ಸಿತ್ತೇ, ಜ್ವರದ ಎಷ್ಟನೇ ದಿನ ಹೋದರು ಎಂಬುದೆಲ್ಲ ಕಳೆದುಹೋಗುತ್ತದೆ. ಈ ರೋಗಕ್ಕೆ ನೇರವಾದ ಔಷಧಿಯಿಲ್ಲ, ನೂರರಲ್ಲಿ ಮೂರರಿಂದ ಐದು ಮಂದಿ ಸಾಯುತ್ತಾರೆ; ನಿರ್ಜಲೀಕರಣ, ರಕ್ತಸ್ರಾವವನ್ನು ಬೇಗ ನಿಭಾಯಿಸುವುದೇ ಜೀವ ಉಳಿಸುವ ದಾರಿ. ಹಾಗಾಗಿ ಬಸ್ಸಿನ ಪ್ರಶ್ನೆಯೂ ಉಣುಗಿನ ಪ್ರಶ್ನೆಯಷ್ಟೇ ವೈದ್ಯಕೀಯವಾದದ್ದು.

ಹಳೆಯ ಲಸಿಕೆ ಈಗ ನಿಂತಿದೆ, ಹೊಸದರ ತಯಾರಿ ನಡೆದಿದೆ. ಅದನ್ನು ಪರೀಕ್ಷಿಸುವವರು ರಕ್ತದ ಮಾದರಿಯ ಜೊತೆಗೆ ಪ್ರತಿ ಮನೆಯ ದರಗಿನ ಕೆಲಸ, ಕೂಲಿ, ಆಸ್ಪತ್ರೆಯ ದೂರವನ್ನೂ ದಾಖಲಿಸಲಿ. ಆ ಪ್ರಶ್ನಾವಳಿಯನ್ನು ಬರೆಯುವಾಗ ದರಗು ಹೊರುವ ಹೆಂಗಸರನ್ನೂ ಕೂರಿಸಿಕೊಳ್ಳಲಿ.