ವಂಶಾವಳಿಯ ದೇಶಪ್ರೇಮ

ಡಾಟರ್ಸ್ ಆಫ್ ದಿ ಅಮೆರಿಕನ್ ರೆವಲ್ಯೂಷನ್ ಅಮೆರಿಕದ ಹಳೆಯ, ದೊಡ್ಡ ಮಹಿಳಾ ದೇಶಸೇವಾ ಸಂಘಗಳಲ್ಲಿ ಒಂದು. ಜನರಿಗೆ ಅದು ಡಿಎಆರ್ ಎಂದೇ ಪರಿಚಿತ. 1890ರ ಅಕ್ಟೋಬರ್ 11ರಂದು ವಾಷಿಂಗ್ಟನ್ ನಗರದಲ್ಲಿ ಹುಟ್ಟಿದ ಈ ಸಂಘದಲ್ಲಿ ಈಗ ಸುಮಾರು 1,90,000 ಸದಸ್ಯೆಯರಿದ್ದಾರೆ, ಹತ್ತಿರ ಹತ್ತಿರ 3,000 ಶಾಖೆಗಳಿವೆ. ವಾಷಿಂಗ್ಟನ್ನಿನ ಅಮೃತಶಿಲೆಯ ಕಟ್ಟಡಗಳು ಸಂಘದ ಮುಖವಾದರೆ, ಊರೂರಿನ ಶಾಖೆಗಳು ಅದರ ಕೈಕಾಲು. ಮಾಜಿ ಸೈನಿಕರನ್ನು ಗೌರವಿಸುವುದು, ಹಳೆಯ ಸಮಾಧಿಗಳನ್ನು ಕಾಯುವುದು, ಶಾಲೆ ಮಕ್ಕಳಿಗೆ ಬಹುಮಾನ ಕೊಡುವುದು ಮುಂತಾದ ಕೆಲಸವೆಲ್ಲ ನಡೆಯುವುದು ಅಲ್ಲಿಯೇ. ಹೊಗಳಿಕೆ, ತೆಗಳಿಕೆ ಎರಡನ್ನೂ ಈ ಸಂಘದಷ್ಟು ಪಡೆದ ಸೇವಾಸಂಸ್ಥೆ ಅಮೆರಿಕದಲ್ಲಿ ಇನ್ನೊಂದಿರಲಾರದು. ಎರಡಕ್ಕೂ ಕಾರಣ ಒಂದೇ ಕಡೆ ಇದೆ: ಸದಸ್ಯತ್ವದ ನಿಯಮದಲ್ಲಿ.

ಸಂಘ ಹುಟ್ಟಿದ್ದು ಒಂದು ಮುನಿಸಿನಿಂದ. ಅಮೆರಿಕದ ಸ್ವಾತಂತ್ರ್ಯ ಸಮರದಲ್ಲಿ ಹೋರಾಡಿದವರ ವಂಶಜರು 1889ರಲ್ಲಿ ಕಟ್ಟಿಕೊಂಡ ಸನ್ಸ್ ಆಫ್ ದಿ ಅಮೆರಿಕನ್ ರೆವಲ್ಯೂಷನ್, ಮರುವರ್ಷವೇ ಹೆಂಗಸರಿಗೆ ಪ್ರವೇಶವಿಲ್ಲವೆಂದು ತೀರ್ಮಾನಿಸಿತು. ಮೇರಿ ಸ್ಮಿತ್ ಲಾಕ್‌ವುಡ್ ಸುಮ್ಮನಿರಲಿಲ್ಲ. 1890ರ ಜುಲೈಯಲ್ಲಿ ವಾಷಿಂಗ್ಟನ್ ಪೋಸ್ಟ್ ಪತ್ರಿಕೆಗೆ ಹ್ಯಾನಾ ಆರ್ನೆಟ್ ಎಂಬಾಕೆಯ ಕಥೆ ಬರೆದು, ದೇಶಪ್ರೇಮವೇನು ಗಂಡಸರ ಸೊತ್ತೇ ಎಂದು ಕೇಳಿದರು. 1776ರಲ್ಲಿ ನ್ಯೂಜೆರ್ಸಿಯ ಎಲಿಜಬೆತ್‌ಟೌನಿನಲ್ಲಿ ಎದೆಗುಂದಿದ ಗಂಡಸರು ಬ್ರಿಟಿಷರ ಕ್ಷಮಾದಾನಕ್ಕೆ ಕೈಯೊಡ್ಡಲು ಹೊರಟಾಗ, ಆ ಮನೆಯೊಡತಿ ಅವರಿಗೆ ಛೀಮಾರಿ ಹಾಕಿ ತಡೆದಳೆಂಬುದು ಕಥೆ. ಅದರಲ್ಲಿ ಇತಿಹಾಸವೆಷ್ಟು, ಮನೆತನದ ಹೆಮ್ಮೆಯೆಷ್ಟು ಎಂಬುದು ಬೇರೆ ಮಾತು. ಮುಂದೆ ಪ್ರತಿಯೊಂದಕ್ಕೂ ದಾಖಲೆ ಕೇಳುವ ಸಂಘವೊಂದು ಇಂಥ ಕಥೆಯಿಂದ ಶುರುವಾಯಿತೆಂಬುದು ಸ್ವಾರಸ್ಯದ ಸಂಗತಿ. ಲಾಕ್‌ವುಡ್ ಜತೆಗೆ ಮೇರಿ ಡೆಶಾ, ಯೂಜಿನಿಯಾ ವಾಷಿಂಗ್ಟನ್, ಎಲೆನ್ ಹಾರ್ಡಿನ್ ವಾಲ್‌ವರ್ತ್ ಸ್ಥಾಪಕಿಯರಾದರು. ಆಗಿನ ಅಮೆರಿಕ ಅಧ್ಯಕ್ಷ ಬೆಂಜಮಿನ್ ಹ್ಯಾರಿಸನ್ನರ ಪತ್ನಿ ಕ್ಯಾರೊಲಿನ್ ಸಂಘದ ಮೊದಲ ಅಧ್ಯಕ್ಷೆಯಾದರು. 1896ರಲ್ಲಿ ಅಮೆರಿಕದ ಸಂಸತ್ತು ಕಾಂಗ್ರೆಸ್ ಸಂಘಕ್ಕೆ ಸನ್ನದು ಕೊಟ್ಟಿತು.

ಸದಸ್ಯೆಯಾಗಲು ಹದಿನೆಂಟು ತುಂಬಿರಬೇಕು, ಮತ್ತು ಸಮರಕ್ಕೆ ನೆರವಾದ ಒಬ್ಬರ ನೇರ ವಂಶದಲ್ಲಿ ಹುಟ್ಟಿರಬೇಕು. ಆ ಹಿರಿಯ ಬಂದೂಕು ಹಿಡಿದಿರಲೇಬೇಕೆಂದಿಲ್ಲ. ಸೈನ್ಯಕ್ಕೆ ದವಸ, ದನ ಒದಗಿಸಿದವರು, ಊರ ಆಡಳಿತದಲ್ಲಿ ದುಡಿದವರು, ನಿಷ್ಠೆಯ ಪ್ರಮಾಣಕ್ಕೆ ಸಹಿ ಹಾಕಿದವರು ಎಲ್ಲರೂ ಲೆಕ್ಕಕ್ಕೆ ಬರುತ್ತಾರೆ. ಆದರೆ ಸೇವೆ 1775ರ ಏಪ್ರಿಲ್ 19ರಿಂದ 1783ರ ನವೆಂಬರ್ 26ರ ಒಳಗೆ ನಡೆದಿರಬೇಕು. ಅರ್ಜಿದಾರಳಿಂದ ಆ ಹಿರಿಯನವರೆಗೆ ಒಂದೊಂದು ತಲೆಮಾರಿನ ಜನನ, ಮದುವೆ, ಮರಣಕ್ಕೂ, ಇಂಥವರು ಇಂಥವರ ಮಗು ಎಂಬುದಕ್ಕೂ ಆಧಾರ ಹಾಜರುಪಡಿಸಬೇಕು. ಚರ್ಚಿನ ದಫ್ತರ, ಉಯಿಲು, ಜನಗಣತಿ ಹಾಳೆ, ಕುಟುಂಬದ ಬೈಬಲ್ಲಿನ ಮೊದಲ ಪುಟದಲ್ಲಿ ಬರೆದಿಟ್ಟ ಹೆಸರುಗಳು, ಪಿಂಚಣಿ ಅರ್ಜಿ ಇವೆಲ್ಲ ಆಧಾರಗಳೇ. ನಮ್ಮಜ್ಜಿ ಹೀಗೆ ಹೇಳುತ್ತಿದ್ದರು ಎಂಬ ಮಾತು ನಡೆಯುವುದಿಲ್ಲ. ಶಾಖೆಯಲ್ಲಿ ಈ ಕಡತಗಳನ್ನು ನೋಡಿಕೊಳ್ಳುವ ರಿಜಿಸ್ಟ್ರಾರ್ ಹುದ್ದೆಗೆ, ಸಭೆ ನಡೆಸುವ ರೀಜೆಂಟ್ ಹುದ್ದೆಗಿಂತ ಕಡಿಮೆ ತೂಕವೇನಿಲ್ಲ.

ಕನಿಷ್ಠ ಹನ್ನೆರಡು ಮಂದಿ ಸೇರಿದರೆ ಒಂದು ಶಾಖೆ. ಸಾಮಾನ್ಯವಾಗಿ ತಿಂಗಳಿಗೊಮ್ಮೆ ಊರ ಗ್ರಂಥಾಲಯದಲ್ಲೋ ಚರ್ಚಿನ ಹಜಾರದಲ್ಲೋ ಸಭೆ. ಪ್ರಾರ್ಥನೆ, ಧ್ವಜವಂದನೆ ಆದ ಮೇಲೆ ಭಾಷಣ, ಲೆಕ್ಕಪತ್ರ, ಕಾಫಿ. ಸಂಘದ ಲಾಂಛನ ಒಂದು ನೂಲುವ ಚರಕ. ಅದಕ್ಕೆ ಹದಿಮೂರು ಕಡ್ಡಿ, ಸುತ್ತ ಹದಿಮೂರು ನಕ್ಷತ್ರ, ಮೂಲದ ಹದಿಮೂರು ವಸಾಹತುಗಳ ಗುರುತಾಗಿ. ಸಮಾರಂಭಗಳಲ್ಲಿ ಸದಸ್ಯೆಯರು ಎಡ ಎದೆಯ ಮೇಲೆ ರಿಬ್ಬನ್ ಧರಿಸಿ ಅದಕ್ಕೆ ಈ ಲಾಂಛನವನ್ನೂ ಬಗೆಬಗೆಯ ಪಿನ್ನುಗಳನ್ನೂ ಚುಚ್ಚಿಕೊಳ್ಳುತ್ತಾರೆ. ಇನ್ನೊಬ್ಬ ಹಿರಿಯನನ್ನು ಸಾಬೀತುಪಡಿಸಿದರೆ ಆ ಹೆಸರಿನ ಇನ್ನೊಂದು ಪಟ್ಟಿ ಸೇರುತ್ತದೆ. ಕೆಲವರ ರಿಬ್ಬನ್ ಸೊಂಟದವರೆಗೆ ಇಳಿಯುವುದೂ ಉಂಟು. ಹೊರಗಿನವರಿಗೆ ಇದು ಆಡಂಬರ. ಒಳಗಿನವರಿಗೆ ಒಂದೊಂದು ಪಟ್ಟಿಯೂ ದಫ್ತರಗಳ ಮುಂದೆ ಕಳೆದ ತಿಂಗಳುಗಳ ಲೆಕ್ಕ. ಎರಡೂ ನಿಜ.

ಮಾಜಿ ಸೈನಿಕರ ವಿಷಯದಲ್ಲಿ ಶಾಖೆಗಳ ದುಡಿಮೆ ಸತ್ತವರಿಂದ ಆರಂಭವಾಗುತ್ತದೆ. ಸ್ವಾತಂತ್ರ್ಯ ಸಮರದ ಯೋಧರ ಸಮಾಧಿಗಳನ್ನು ಹುಡುಕಿ ಗುರುತಿಸಿ ಕಂಚಿನ ಫಲಕ ನೆಡುವುದು ಶುರುವಿನಿಂದಲೂ ನಡೆದುಬಂದ ಕೆಲಸ. ಹೊಲದ ಬದಿಯಲ್ಲಿ, ಪೊದೆ ಬೆಳೆದು ಮುಚ್ಚಿದ ಖಾಸಗಿ ಸ್ಮಶಾನಗಳಲ್ಲಿ ಅಕ್ಷರ ಸವೆದು ನಿಂತಿದ್ದ ಎಷ್ಟೋ ಕಲ್ಲುಗಳು ಉಳಿದದ್ದು ಈ ಹೆಂಗಸರು ಸುಮ್ಮನಿರದೆ ಹುಡುಕಿದ್ದರಿಂದ. ಡಿಸೆಂಬರಿನಲ್ಲಿ ರೀತ್ಸ್ ಅಕ್ರಾಸ್ ಅಮೆರಿಕ ಕಾರ್ಯಕ್ರಮದ ದಿನ ಹಲವು ಶಾಖೆಗಳು ಸೈನಿಕರ ಸ್ಮಶಾನಗಳಲ್ಲಿ ಹಸಿರು ಮಾಲೆ ಇಡಲು ಕೈಜೋಡಿಸುತ್ತವೆ. 1992ರಲ್ಲಿ ಮೇಯ್ನ್ ರಾಜ್ಯದ ಮಾಲೆ ವ್ಯಾಪಾರಿಯೊಬ್ಬರು ಮಾರಾಟವಾಗದೆ ಉಳಿದ ಮಾಲೆಗಳನ್ನು ಆರ್ಲಿಂಗ್ಟನ್ ಸ್ಮಶಾನಕ್ಕೆ ಕಳಿಸಿದ್ದರಿಂದ ಬೆಳೆದ ರೂಢಿ ಇದು. ಮಾಲೆ ಇಡುವವರು ಕಲ್ಲಿನ ಮೇಲಿನ ಹೆಸರನ್ನು ಬಾಯಿಬಿಟ್ಟು ಓದುವುದು ಪದ್ಧತಿ.

ಬದುಕಿರುವವರ ಪೈಕಿ ಹೆಚ್ಚು ಗಮನ ಪಡೆದವರು ವಿಯೆಟ್ನಾಂ ಯುದ್ಧದವರು. ಆ ಯುದ್ಧದಿಂದ ಮರಳಿದ ಎಷ್ಟೋ ಮಂದಿಗೆ ಸ್ವಾಗತದ ಬದಲು ತಾತ್ಸಾರ ಎದುರಾಗಿತ್ತು. 2012ರಲ್ಲಿ ಶುರುವಾದ ಸರ್ಕಾರದ ಸ್ಮರಣ ಕಾರ್ಯಕ್ರಮದಲ್ಲಿ ಡಿಎಆರ್ ಶಾಖೆಗಳು ಪಾಲುದಾರರಾಗಿ ಸೇರಿ, 1955ರ ನವೆಂಬರ್ 1ರಿಂದ 1975ರ ಮೇ 15ರವರೆಗೆ ಸೇನೆಯಲ್ಲಿದ್ದವರಿಗೆ ಕೋಟಿನ ಪಿನ್ ತೊಡಿಸುವ ಸಮಾರಂಭ ನಡೆಸಿದವು. ವಿಯೆಟ್ನಾಮಿಗೇ ಹೋಗಿರಬೇಕೆಂಬ ಕಟ್ಟುಪಾಡಿರಲಿಲ್ಲ. ಜರ್ಮನಿಯ ಠಾಣೆಯಲ್ಲಿ ಗುಮಾಸ್ತಗಿರಿ ಮಾಡಿದವನೂ ಅರ್ಹ. ಪಿನ್ನಿನ ಮುಂಭಾಗದಲ್ಲಿ ಗರುಡನ ತಲೆ. ಹಿಂಭಾಗದಲ್ಲಿ ರಾಷ್ಟ್ರದ ಕೃತಜ್ಞತೆ ಸೂಚಿಸುವ ಸಾಲು. ಅದು ಅಂಗಿಗೆ ತಾಗಿಕೊಂಡಿರುವುದರಿಂದ ನೋಡುವವರಿಗೆ ಕಾಣದು, ತೊಟ್ಟವನಿಗಷ್ಟೇ ಗೊತ್ತು. ಎಪ್ಪತ್ತು ದಾಟಿದವರು ಸಾಲಾಗಿ ನಿಂತು ಪಿನ್ ತೊಡಿಸಿಕೊಂಡು, ಐವತ್ತು ವರ್ಷ ತಡವಾಗಿ ಮನೆಗೆ ಸ್ವಾಗತ ಎಂಬ ಮಾತು ಕೇಳಿಸಿಕೊಳ್ಳುವ ಈ ಸಮಾರಂಭದಲ್ಲಿ ಖರ್ಚು ಅಲ್ಪ, ಪರಿಣಾಮ ದೊಡ್ಡದು.

ಗೌರವ ಬೇರೆ, ಆಸರೆ ಬೇರೆ. 2021ರಲ್ಲಿ ಅಮೆರಿಕದಲ್ಲಿ 6,392 ಮಾಜಿ ಸೈನಿಕರು ಆತ್ಮಹತ್ಯೆ ಮಾಡಿಕೊಂಡರೆಂದು ಸರ್ಕಾರದ ವರದಿಯೇ ಹೇಳುತ್ತದೆ. ಅಂದರೆ ದಿನಕ್ಕೆ ಹದಿನೇಳಕ್ಕೂ ಹೆಚ್ಚು. ಪಿನ್ನು, ಮಾಲೆ, ಪ್ರಶಸ್ತಿಪತ್ರಗಳಿಗೆ ಇದನ್ನು ತಡೆಯುವ ಶಕ್ತಿಯಿಲ್ಲ. ಶಾಖೆಗಳು ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ ಸ್ವಯಂಸೇವೆ ಮಾಡುತ್ತವೆ. ಕಾಲುಚೀಲ, ಸೋಪು, ಹೊದಿಕೆ ಕೂಡಿಸಿ ಕೊಡುತ್ತವೆ. ಇದು ಬೇಕಾದದ್ದೇ, ಆದರೆ ಚಿಕ್ಕದು. ಚಿಕಿತ್ಸೆ, ವಸತಿ, ಕೆಲಸಕ್ಕಾಗಿ ಸರ್ಕಾರದ ಮೇಲೆ ಒತ್ತಾಯ ತರುವ ಕೆಲಸವನ್ನು ಹೆಚ್ಚಾಗಿ ಅಮೆರಿಕನ್ ಲೀಜನ್‌ನಂಥ ಮಾಜಿ ಸೈನಿಕರ ಸಂಘಗಳೇ ಹೊತ್ತಿವೆ. ಡಿಎಆರ್ ತನಗೆ ಒಗ್ಗಿದ ಸಮಾರಂಭದಲ್ಲಿ ಸೊಗಸಾಗಿ ನಡೆದುಕೊಳ್ಳುತ್ತದೆ, ಜಗಳ ಬೇಕಾದ ಕಡೆ ಸುಮ್ಮನಾಗುತ್ತದೆ.

ಹಿಂದೆ ಹೀಗಿರಲಿಲ್ಲ. 1898ರ ಸ್ಪೇನ್ ಯುದ್ಧದಲ್ಲಿ ಟೈಫಾಯ್ಡ್ ಹಬ್ಬಿ ದಂಡಿನ ಪಾಳೆಯಗಳು ನರಳುತ್ತಿದ್ದಾಗ, ಸದಸ್ಯೆ ಡಾ. ಅನಿಟಾ ನ್ಯೂಕೊಂಬ್ ಮೆಕ್‌ಗೀ ಅವರ ಮುಂದಾಳತ್ವದಲ್ಲಿ ಸಂಘ ಸಾವಿರಾರು ಅರ್ಜಿಗಳನ್ನು ಸೋಸಿ ಸಾವಿರಕ್ಕೂ ಹೆಚ್ಚು ತರಬೇತಾದ ದಾದಿಯರನ್ನು ಸೈನ್ಯಕ್ಕೆ ಆರಿಸಿಕೊಟ್ಟಿತು. 1901ರಲ್ಲಿ ಸೈನ್ಯದ ಕಾಯಂ ದಾದಿಯರ ದಳ ಸ್ಥಾಪನೆಯಾದಾಗ ಕಾನೂನಿನ ಕರಡು ಬರೆದವರೂ ಮೆಕ್‌ಗೀ ಅವರೇ. ಸಂಘದ ಇತಿಹಾಸದಲ್ಲಿ ಇದಕ್ಕಿಂತ ಗಟ್ಟಿಯಾದ ಸೈನಿಕ ಸೇವೆ ಇನ್ನೊಂದಿಲ್ಲ. ದಾಖಲೆ ಪರಿಶೀಲಿಸುವ ಅಭ್ಯಾಸವೇ ಅಲ್ಲಿ ಕೈಗೆ ಬಂತು. ಯಾರ ಮನೆತನದವಳು ಎಂಬುದನ್ನಲ್ಲ, ಎಲ್ಲಿ ಕಲಿತವಳು ಎಂಬುದನ್ನು ನೋಡಿದರು. ಸಂಘದ ಕೆಲಸ ಸೈನ್ಯಕ್ಕಷ್ಟೇ ಸೀಮಿತವಾಗಿರಲಿಲ್ಲ: ದಕ್ಷಿಣ ಕೆರೊಲಿನಾದ ಗುಡ್ಡಗಾಡಿನ ಬಡ ಮಕ್ಕಳಿಗಾಗಿ 1919ರಲ್ಲಿ ಟಮಾಸಿ ಶಾಲೆ, 1924ರಲ್ಲಿ ಅಲಬಾಮಾದ ಗ್ರ್ಯಾಂಟಿನಲ್ಲಿ ಇನ್ನೊಂದು ಶಾಲೆ ತೆರೆದವು.

ಅದೇ 1920ರ ದಶಕದಲ್ಲಿ ಸಂಘ ದಾರಿ ತಪ್ಪಿತು. ಕಮ್ಯುನಿಸ್ಟ್ ಭಯ ಏರಿದ್ದ ಕಾಲ. ಯಾರನ್ನು ಭಾಷಣಕ್ಕೆ ಕರೆಯಬಾರದೆಂಬ ಪಟ್ಟಿಗಳು ಶಾಖೆಗಳಲ್ಲಿ ಗುಟ್ಟಾಗಿ ಓಡಾಡಿದವು. ಸಮಾಜಸೇವಕಿ ಜೇನ್ ಆಡಮ್ಸ್ ಅವರನ್ನೂ ಸಂಶಯದ ಕಣ್ಣಿನಿಂದ ನೋಡಲಾಯಿತು. ಇದನ್ನು ಬಯಲಿಗೆಳೆದ ಮ್ಯಾಸಚೂಸೆಟ್ಸ್‌ನ ಸದಸ್ಯೆ ಹೆಲೆನ್ ಟಫ್ಟ್ಸ್ ಬೇಲಿ ಅವರನ್ನು 1928ರಲ್ಲಿ ಹೊರಹಾಕಿದರು. ಏಳು ತಲೆಮಾರಿಗೆ ಕಾಗದ ಕೇಳುವವರು ನೆರೆಯವರ ಮೇಲಿನ ಆರೋಪಕ್ಕೆ ಒಂದು ಚೂರೂ ಕಾಗದ ಕೇಳಲಿಲ್ಲ.

ಅಯೋವಾದ ಸೀಡರ್ ರ‍್ಯಾಪಿಡ್ಸ್ ಊರಿನ ಪ್ರಕರಣ ಶಾಖೆಯ ಮಟ್ಟದಲ್ಲಿ ಇದೇ ಸ್ವಭಾವವನ್ನು ತೋರಿಸುತ್ತದೆ. ಅಲ್ಲಿನ ಮಾಜಿ ಸೈನಿಕರ ಸ್ಮಾರಕ ಭವನಕ್ಕೆ ದೊಡ್ಡದೊಂದು ಬಣ್ಣದ ಗಾಜಿನ ಕಿಟಕಿ ರಚಿಸಲು ಚಿತ್ರಕಾರ ಗ್ರ್ಯಾಂಟ್ ವುಡ್‌ಗೆ ಒಪ್ಪಿಸಿದ್ದರು. ಆತ ಗಾಜಿನ ಕೆಲಸವನ್ನು ಜರ್ಮನಿಯ ಮ್ಯೂನಿಕ್‌ನಲ್ಲಿ ಮಾಡಿಸಿದ. ಮೊದಲ ಮಹಾಯುದ್ಧದಲ್ಲಿ ಶತ್ರುವಾಗಿದ್ದ ದೇಶದ ಗಾಜು ನಮ್ಮ ಸೈನಿಕರ ಸ್ಮಾರಕಕ್ಕೆ ಬೇಡವೆಂದು ಊರ ಡಿಎಆರ್ ಹೆಂಗಸರು ತಕರಾರು ತೆಗೆದರು. ವುಡ್ ಉತ್ತರ ಕೊಟ್ಟದ್ದು 1932ರಲ್ಲಿ, ಬಣ್ಣದಲ್ಲಿ. ಡಾಟರ್ಸ್ ಆಫ್ ರೆವಲ್ಯೂಷನ್ ಎಂಬ ಆ ಚಿತ್ರದಲ್ಲಿ ತುಟಿ ಬಿಗಿದ ಮೂವರು ವೃದ್ಧೆಯರು ನಿಂತಿದ್ದಾರೆ. ಒಬ್ಬಳು ತೆಳ್ಳಗಿನ ಬೆರಳುಗಳಲ್ಲಿ ಚಹಾದ ಬಟ್ಟಲು ಎತ್ತಿ ಹಿಡಿದಿದ್ದಾಳೆ. ಹಿಂದಿನ ಗೋಡೆಯ ಮೇಲೆ ವಾಷಿಂಗ್ಟನ್ ಡೆಲವೇರ್ ನದಿ ದಾಟುವ ಪ್ರಸಿದ್ಧ ಚಿತ್ರ. ಅಮೆರಿಕನ್ನರು ತಮ್ಮದೇ ಎಂದು ಪೂಜಿಸುವ ಆ ಚಿತ್ರವನ್ನು ಎಮಾನುಯೆಲ್ ಲಾಯ್ಟ್ಸೆ ಬರೆದದ್ದು ಜರ್ಮನಿಯ ಡ್ಯುಸೆಲ್‌ಡಾರ್ಫ್‌ನಲ್ಲಿ! ವ್ಯಂಗ್ಯ ಕ್ರೂರವಾಗಿದೆ, ಆ ಹೆಂಗಸರ ಒಳ್ಳೆಯ ಕೆಲಸಕ್ಕೆ ಚೌಕಟ್ಟಿನೊಳಗೆ ಜಾಗವೂ ಇಲ್ಲ. ಆದರೂ ಗುರಿ ತಪ್ಪಿಲ್ಲ.

1939ರಲ್ಲಿ ಬಂದ ಕಳಂಕ ಇದಕ್ಕಿಂತ ಆಳವಾದದ್ದು. ವಾಷಿಂಗ್ಟನ್ನಿನಲ್ಲಿ 1929ರಲ್ಲಿ ಕಟ್ಟಿಸಿದ ಕಾನ್‌ಸ್ಟಿಟ್ಯೂಷನ್ ಹಾಲ್ ಸಂಘದ ಸ್ವಂತ ಸಭಾಂಗಣ. ಕಪ್ಪು ಗಾಯಕಿ ಮರಿಯನ್ ಆ್ಯಂಡರ್ಸನ್ ಅವರ ಕಛೇರಿಗೆ ಹೊವರ್ಡ್ ವಿಶ್ವವಿದ್ಯಾಲಯ ಅದನ್ನು ಕೇಳಿದಾಗ ಸಂಘ ಕೊಡಲಿಲ್ಲ. ಬಿಳಿಯ ಕಲಾವಿದರಿಗೆ ಮಾತ್ರ ಎಂಬ ಷರತ್ತು ಬಾಡಿಗೆ ಕರಾರಿನಲ್ಲೇ ಇತ್ತು. ಅಮೆರಿಕ ಅಧ್ಯಕ್ಷರ ಪತ್ನಿ ಎಲೀನರ್ ರೂಸ್‌ವೆಲ್ಟ್ ಸಂಘಕ್ಕೆ ರಾಜೀನಾಮೆ ಕೊಟ್ಟರು. ಏಪ್ರಿಲ್ 9ರ ಈಸ್ಟರ್ ಭಾನುವಾರ ಆ್ಯಂಡರ್ಸನ್ ಲಿಂಕನ್ ಸ್ಮಾರಕದ ಮೆಟ್ಟಿಲುಗಳ ಮೇಲೆ 75,000 ಜನರೆದುರು ಹಾಡಿದರು. ಮುಂದೆ ಸಂಘವೇ ಕರೆದು 1943ರಲ್ಲಿ ಅವರು ಅದೇ ಸಭಾಂಗಣದಲ್ಲಿ ಹಾಡಿದರೂ, ಬಣ್ಣದ ಷರತ್ತು ಹೋದದ್ದು 1952ರಲ್ಲಿ. ಸಂಘದ ಹೆಸರೆತ್ತಿದರೆ ಸಾವಿರಾರು ಸಮಾಧಿಗಳ ಆರೈಕೆಗಿಂತ ಮೊದಲು ಈ ಒಂದು ನಿರಾಕರಣೆಯೇ ಜನರ ನೆನಪಿಗೆ ಬರುತ್ತದೆ. ಸಂಘಕ್ಕೆ ಇದು ನೋವಿನ ಮಾತಾಗಿರಬಹುದು, ಅನ್ಯಾಯದ ಮಾತೇನೂ ಅಲ್ಲ.

ತಿದ್ದುಪಡಿ ಶುರುವಾದದ್ದು ಹೊರಗಿನ ಒತ್ತಡದಿಂದ. 1977ರಲ್ಲಿ ಡೆಟ್ರಾಯಿಟ್‌ನ ಕರೆನ್ ಬ್ಯಾಚಲರ್ ತಮ್ಮ ವಂಶಾವಳಿ ಸಾಬೀತುಪಡಿಸಿ ಸದಸ್ಯೆಯಾದಾಗ, ಕಪ್ಪು ಮಹಿಳೆಯೊಬ್ಬರು ಡಿಎಆರ್ ಸೇರಿದ್ದು ರಾಷ್ಟ್ರದ ಸುದ್ದಿಯಾಯಿತು. ವಾಷಿಂಗ್ಟನ್ನಿನ ಶಾಲಾ ಕಾರ್ಯದರ್ಶಿ ಲೀನಾ ಸ್ಯಾಂಟೋಸ್ ಫರ್ಗುಸನ್ ಅವರ ಬಳಿ ದಾಖಲೆ ಪಕ್ಕಾ ಇದ್ದರೂ, ಊರ ಶಾಖೆಯಲ್ಲಿ ಅನುಮೋದಿಸುವ ಇಬ್ಬರು ಸದಸ್ಯೆಯರು ಸುಲಭಕ್ಕೆ ಸಿಗಲಿಲ್ಲ. 1984ರಲ್ಲಿ ವಿಷಯ ಪತ್ರಿಕೆಗೆ ಬಂತು. ನಗರಸಭೆ ಸಂಘದ ತೆರಿಗೆ ವಿನಾಯಿತಿಯ ಮೇಲೆ ಕಣ್ಣು ಹಾಕಿತು. ಕೊನೆಗೆ ಜನಾಂಗಭೇದವನ್ನು ನಿಷೇಧಿಸಿ ನಿಯಮಾವಳಿ ತಿದ್ದಲಾಯಿತು. ಫರ್ಗುಸನ್ ಅಷ್ಟಕ್ಕೇ ಬಿಡಲಿಲ್ಲ. ಸಮರದಲ್ಲಿ ಹೋರಾಡಿದ ಕಪ್ಪು ಸೈನಿಕರ ಹೆಸರುಗಳನ್ನು ಸಂಘ ಹುಡುಕಿ ಪ್ರಕಟಿಸಬೇಕೆಂದು ಪಟ್ಟುಹಿಡಿದರು.

ಅದರ ಫಲವೇ 2008ರಲ್ಲಿ ಹೊರಬಂದ ಫಾರ್‌ಗಾಟನ್ ಪೇಟ್ರಿಯಟ್ಸ್. ಆಫ್ರಿಕನ್ ಅಮೆರಿಕನ್, ಮೂಲನಿವಾಸಿ ಮತ್ತು ಮಿಶ್ರ ಮೂಲದ 6,600ಕ್ಕೂ ಹೆಚ್ಚು ಜನರ ಸೇವೆಯನ್ನು ರಾಜ್ಯವಾರು ದಾಖಲಿಸಿದ ಈ ಗ್ರಂಥ ಇಂದು ಇತಿಹಾಸಕಾರರ ಮೇಜಿನ ಮೇಲೂ ಇದೆ. ವಂಶಾವಳಿಯ ಹಟ ಮೊದಲು ಗೋಡೆಯಾಗಿತ್ತು. ಅದೇ ಹಟ ಎಲ್ಲರಿಗೂ ಒಂದೇ ಅಳತೆಯಲ್ಲಿ ಅನ್ವಯವಾದಾಗ ಮರೆತುಹೋದವರನ್ನು ಹೊರತೆಗೆಯಿತು. ಕಾಗದವನ್ನು ನಂಬಿದಾಗ ಸಂಘ ಚೆನ್ನಾಗಿ ನಡೆದಿದೆ. ಮುಖ ನೋಡಿ ತೀರ್ಮಾನಿಸಿದಾಗಲೆಲ್ಲ ಎಡವಿದೆ.

ಅಳತೆ ಒಂದೇ ಆದ ಮೇಲೂ ಒಂದು ಬಾಗಿಲು ಮುಚ್ಚಿಯೇ ಇದೆ. ವಲಸೆ ಬಂದವರಿಗಾಗಿ ಸಂಘ 1920ರ ದಶಕದಿಂದ ಹಲವು ಭಾಷೆಗಳಲ್ಲಿ ಪೌರತ್ವದ ಕೈಪಿಡಿ ಅಚ್ಚುಹಾಕಿಸಿ ಹಂಚಿದೆ. ಇಂದಿಗೂ ಎಷ್ಟೋ ಊರುಗಳಲ್ಲಿ ಹೊಸ ಪೌರರು ಪ್ರಮಾಣವಚನ ಸ್ವೀಕರಿಸುವ ದಿನ ಶಾಖೆಯ ಹೆಂಗಸರು ಬಂದು ಪುಟ್ಟ ಧ್ವಜ ಕೊಟ್ಟು ಅಭಿನಂದಿಸುತ್ತಾರೆ. ಆ ಸಾಲಿನಲ್ಲಿ ನ್ಯೂಜೆರ್ಸಿಯಲ್ಲೋ ಟೆಕ್ಸಸ್‌ನಲ್ಲೋ ನೆಲೆಸಿದ ಕನ್ನಡಿಗ ಮಹಿಳೆಯೂ ಇರಬಹುದು. ಅವಳ ಮಗಳು ಅಮೆರಿಕದ ಸೈನ್ಯ ಸೇರಿ ದುಡಿದು ಮರಳಿದರೆ ಶಾಖೆ ಅವಳನ್ನು ಖಂಡಿತ ಗೌರವಿಸೀತು. ಶಾಲೆಯ ಇತಿಹಾಸ ಪ್ರಬಂಧ ಸ್ಪರ್ಧೆಯಲ್ಲಿ ಬಹುಮಾನವನ್ನೂ ಕೊಟ್ಟೀತು. ಸದಸ್ಯತ್ವ ಮಾತ್ರ ಸಾಧ್ಯವಿಲ್ಲ. ಸೈನಿಕರ ಮನೆಯವರ ಸಂಘವಾದ ಅಮೆರಿಕನ್ ಲೀಜನ್ ಆಕ್ಸಿಲಿಯರಿಯಲ್ಲಾದರೆ ಅಮ್ಮನಿಗೆ ಮಗಳ ಸೇವೆಯೇ ಅರ್ಹತೆ. ಡಿಎಆರ್‌ನಲ್ಲಿ ಅರ್ಹತೆ 1783ಕ್ಕೇ ಮುಗಿದಿದೆ. ವಂಶಾವಳಿಯ ಸಂಘಕ್ಕೆ ವಂಶಾವಳಿ ಬಿಡು ಎನ್ನಲಾಗದು. ಆದರೆ ದೇಶಸೇವೆಯನ್ನೇ ಧ್ಯೇಯವೆನ್ನುವ ಸಂಘ ಸೇವೆಯನ್ನು ಎಲ್ಲರಿಗೂ ಹಂಚಿ, ಸದಸ್ಯತ್ವವನ್ನು ಹುಟ್ಟಿಗೆ ಕಟ್ಟಿಹಾಕಿರುವುದು ಅದರೊಳಗೇ ಉಳಿದಿರುವ ತೊಡಕು. 2026ರಲ್ಲಿ ಅಮೆರಿಕದ ಸ್ವಾತಂತ್ರ್ಯದ 250ನೆಯ ವರ್ಷಾಚರಣೆಗಾಗಿ ಶಾಖೆಗಳು ಊರೂರಲ್ಲಿ ಸಮರದ ಯೋಧರ ನೆನಪಿನ ಸ್ಮಾರಕ ಫಲಕಗಳನ್ನು ನಿಲ್ಲಿಸುವ ಕೆಲಸಕ್ಕೆ ಕೈಹಾಕಿದವು. ಫಾರ್‌ಗಾಟನ್ ಪೇಟ್ರಿಯಟ್ಸ್ ಪಟ್ಟಿ ಕೈಯಲ್ಲಿರುವಾಗ ಆ ಫಲಕಗಳ ಮುಂದೆ ಯಾರ ಯಾರನ್ನು ನೆನೆಯುವುದೆಂಬುದು ಆಯಾ ಊರ ಶಾಖೆಯ ಕೈಯಲ್ಲಿದೆ.