ಹಿಂಬರಹದ ಕನ್ನಡ

ಆಡಳಿತ ಕನ್ನಡದ ಬಗ್ಗೆ ಬರೆಯುವವರು ಹಿಂಬರಹವನ್ನು, ಅಂದರೆ ಅರ್ಜಿಗೆ ಕಚೇರಿ ಕೊಡುವ ಲಿಖಿತ ಉತ್ತರವನ್ನು, ಅಚ್ಚುಕಟ್ಟಿನ ಮಾದರಿಯೆಂದು ಹೊಗಳುವುದುಂಟು. ಮುಖ್ಯಮಂತ್ರಿಗಳ ಪರಿಹಾರ ನಿಧಿಗೆ, ಮಳೆಗೆ ಬಿದ್ದ ಮನೆಯ ಪರಿಹಾರಕ್ಕೆ ಮೂಡಿಗೆರೆ ಕಡೆಯ ಬಾಳೂರು ಸೀಮೆಯವರ ಅರ್ಜಿಗಳನ್ನು ಬರೆದುಕೊಟ್ಟವನು ನಾನು. ಅವಕ್ಕೆ ಬಂದ ಹಿಂಬರಹಗಳು ಆ ಹೊಗಳಿಕೆಗೆ ಅರ್ಹವಲ್ಲ.

ಅವುಗಳ ಜೀವಾಳ ಒಂದೇ ವಾಕ್ಯ: ‘ನಿಯಮಾನುಸಾರ ತಮ್ಮ ಮನವಿಯನ್ನು ಪರಿಗಣಿಸಲು ಅವಕಾಶವಿರುವುದಿಲ್ಲ.’ ಕರ್ತೃ ಎಲ್ಲಿ? ಬೇಡವೆಂದವರು ಯಾರು? ‘ನಿಯಮಾನುಸಾರ’ ಎಂದರೂ ನಿಯಮದ ಸಂಖ್ಯೆಯಿಲ್ಲ. ‘ಇಲ್ಲ’ ಎಂದಿದ್ದರೆ ಈ ಹೊತ್ತಿಗೆ ಇಲ್ಲ ಎಂದಾದರೂ ಓದಿಕೊಳ್ಳಬಹುದಿತ್ತು. ‘ಇರುವುದಿಲ್ಲ’ ಎಂದಾಗ ಅದು ಯಾವತ್ತಿಗೂ ಸಲ್ಲುವ ಮಾತಾಗುತ್ತದೆ. ‘ಪರಿಗಣಿಸಲು’ ಇನ್ನೂ ಕೆಟ್ಟದ್ದು. ಪರಿಹಾರ ನಿಧಿಯ ಹಣ ಹಕ್ಕಿನದಲ್ಲ, ವಿವೇಚನೆಯದು, ಕೊಡಬಹುದು, ಬಿಡಬಹುದು. ಆದರೆ ವಿವೇಚನೆ ಎಂದರೆ ಪರಿಗಣಿಸುವುದೇ ಅಲ್ಲವೆ? ಪರಿಗಣಿಸಿದೆವು, ಕೊಡಲಾಗದು ಎನ್ನುವುದು ಒಂದು ಉತ್ತರ. ಪರಿಗಣಿಸಲೇ ಅವಕಾಶವಿಲ್ಲ ಎನ್ನುವುದು, ಮಾಡಬೇಕಾದ ಕೆಲಸವನ್ನು ಮಾಡಲಿಲ್ಲವೆಂಬ ಒಪ್ಪಿಗೆ.

ಜನಕ್ಕೆ ದಾಖಲೆ ಲಗತ್ತಿಸಲು ಬಾರದು, ಅದಕ್ಕೇ ಅರ್ಜಿ ಬೀಳುತ್ತದೆ ಎನ್ನುವ ವಿಮರ್ಶಕರಿದ್ದಾರೆ. ಸ್ವಲ್ಪ ನಿಜ. ಆಸ್ಪತ್ರೆಯ ಮೂಲ ಬಿಲ್ಲಿನ ಬದಲು ಜೆರಾಕ್ಸ್ ಇಟ್ಟವರನ್ನು ನಾನೂ ಕಂಡಿದ್ದೇನೆ. ಆದರೆ ಕಾಫಿ ತೋಟದ ಕಾರ್ಮಿಕರ ಲೈನ್ ಮನೆಯಲ್ಲಿ ಎರಡು ಮೂರು ತಲೆಮಾರು ಬಾಳಿದವರ ಹೆಸರಿನಲ್ಲಿ ಮನೆಯೇ ಇಲ್ಲ. ಕಂದಾಯದ ರಶೀದಿ ಎಲ್ಲಿಂದ ತಂದಾರು? 2019ರ ಆಗಸ್ಟ್ ಮಳೆಗೆ ಮೂಡಿಗೆರೆ ತಾಲೂಕಿನ ಮಲೆಮನೆ, ಮಧುಗುಂಡಿಯಲ್ಲಿ ಗುಡ್ಡ ಜಾರಿತು. ಆಗಲೂ ಆಮೇಲೂ ಮನೆಹಾನಿಯನ್ನು ಅಳೆದದ್ದು ಶೇಕಡಾವಾರು: 75 ದಾಟಿದರೆ ಒಂದು ವರ್ಗ, 25 ದಾಟಿದರೆ ಇನ್ನೊಂದು, 15ಕ್ಕಿಂತ ಕಡಿಮೆಯಾದರೆ ಪಟ್ಟಿಯಿಂದಲೇ ಹೊರಗೆ. ನೆನೆದು ಬಿರಿದ ಮಣ್ಣಿನ ಗೋಡೆ ಶೇ 14ರದೋ 16ರದೋ ಎಂಬುದು ಸ್ಥಳ ತನಿಖೆಗೆ ಬಂದವರ ಕಣ್ಣಳತೆ. ತೀರ್ಮಾನ ಆಗುವುದು ಅಲ್ಲಿ, ಆ ಗೋಡೆಯ ಮುಂದೆ. ಹಿಂಬರಹದಲ್ಲಿ ಆ ಗೋಡೆಯೂ ಇಲ್ಲ, ಆ ಅಳತೆಯೂ ಇಲ್ಲ. ದಾಖಲೆ ಇಲ್ಲದ್ದು ಅರ್ಜಿಗೋ, ನಿರಾಕರಣೆಗೋ ಎಂದು ಈ ವಿಮರ್ಶಕರು ಒಮ್ಮೆಯೂ ಕೇಳಿಲ್ಲ.

ಆದೇಶವನ್ನು ಅದರೊಳಗೆ ಬರೆದ ಕಾರಣಗಳಿಂದಲೇ ಅಳೆಯಬೇಕು, ಹೊಸ ಕಾರಣವನ್ನು ಆಮೇಲೆ ಸೇರಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಮೊಹಿಂದರ್ ಸಿಂಗ್ ಗಿಲ್ ಪ್ರಕರಣದಲ್ಲಿ ಹೇಳಿತು. ವಿಮರ್ಶಕನಿಗೂ ಅದೇ ದಾರಿ: ಪಠ್ಯದಲ್ಲಿರುವುದನ್ನಷ್ಟೇ ಓದಬೇಕು. ಹಾಗೆ ಓದಿದರೆ ಹಿಂಬರಹದಲ್ಲಿ ಕಾರಣವೇ ಸಿಗುವುದಿಲ್ಲ.

ಗಂಡನ ಚಿಕಿತ್ಸೆಗೆ ನೆರವು ಕೇಳಿದ್ದ ಹೆಂಗಸೊಬ್ಬರಿಗೆ ಇಂಥ ಹಿಂಬರಹವೊಂದನ್ನು ಓದಿ ಹೇಳಿದೆ. ‘ಯಾರಂತೆ ಹಿಂಗೆ ಹೇಳಿದ್ದು?’ ಅಂದರು. ಕೆಳಗೆ ನೋಡಿದೆ. ಸಹಿಯ ಪಕ್ಕ ‘ಪರವಾಗಿ’ ಎಂದಿತ್ತು.